ಅಂಗಿಯ ಗುಂಡಿ ಯಾರು ಹಾಕಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

'ಇನ್ನು ಜೀವಕ್ಕೆ ಅಪಾಯವಿಲ್ಲ' ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರಿಗೆ ಸಮಾಧಾನವಾಗುತ್ತದೆ. ಹಾಸಿಗೆಯಲ್ಲಿ ಇರುವವರ ಚಿಂತೆಯೇ ಬೇರೆ. ಇನ್ನು ಮೇಲೆ ನಾನೊಬ್ಬನೇ ಎದ್ದು ಬಚ್ಚಲಿಗೆ ಹೋಗಬಲ್ಲೆನಾ? ಕೆಲಸಕ್ಕೆ ಹೋಗಬಲ್ಲೆನಾ? ರಿಹ್ಯಾಬ್ ಅಥವಾ ಪುನಶ್ಚೇತನ ಚಿಕಿತ್ಸೆ ಇರುವುದು ಈ ಚಿಂತೆಗೆ.

ಲಕ್ವ ಹೊಡೆದವರನ್ನೇ ನೋಡಿ. ಒಂದು ಕೈ ಸ್ವಾಧೀನ ತಪ್ಪಿದೆ, ಅಂಗಿ ತೊಡಬೇಕು. ಥೆರಪಿಸ್ಟ್ ಹೇಳಿಕೊಡುವುದು ಹೀಗೆ: ಮೊದಲು ಸೋತ ಕೈಯನ್ನು ತೋಳಿನೊಳಗೆ ತೂರಿಸಿ, ಆಮೇಲೆ ಸರಿಯಿರುವ ಕೈ. ಬಿಚ್ಚುವಾಗ ಉಲ್ಟಾ. ಗುಂಡಿಗಳನ್ನು ಕೆಳಗಿನಿಂದ ಹಾಕುತ್ತಾ ಬಂದರೆ ಕಾಜ ತಪ್ಪುವುದು ಕಡಿಮೆ. ಇಷ್ಟಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದನ್ನು ನೋಡುತ್ತಾ ಸುಮ್ನೆ ಇರಲಾಗುವುದಿಲ್ಲ. 'ಬಿಡಿ, ನಾನೇ ಹಾಕ್ತೀನಿ' ಅನ್ನುತ್ತಾರೆ. ಪ್ರೀತಿಗೇ ಅನ್ನುವುದು, ನಿಜ. ಆದರೆ ಪೆಟ್ಟು ತಿಂದ ಮಿದುಳು ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು. ಬಳಸದೆ ಬಿಟ್ಟ ಕೈ ಇನ್ನಷ್ಟು ಹಿಂದೆ ಬೀಳುತ್ತದೆ. ಚೇತರಿಕೆ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಜಾಸ್ತಿ. ಆಮೇಲೆ ನಿಂತೇ ಹೋಗುತ್ತದೆ ಅಂತಲ್ಲ, ನಿಧಾನವಾಗುತ್ತದೆ. ಅಂದ ಹಾಗೆ, ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಇದು ಲಕ್ವದವರಿಗೆ ಮಾತ್ರ ಅಲ್ಲ. ಮಂಡಿಯ ಕೀಲು ಬದಲಾಯಿಸಿಕೊಂಡವರನ್ನು ಈಗ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನವೇ ನಿಲ್ಲಿಸುತ್ತಾರೆ. ಹಾರ್ಟ್ ಅಟ್ಯಾಕ್ ಆದವರು, ನಾಲ್ಕು ಹೆಜ್ಜೆಗೇ ಏದುಸಿರು ಬಿಡುವವರು, ನಡಿಗೆ ತಡವಾದ ಮಕ್ಕಳು, ಐಸಿಯುನಲ್ಲಿ ಮಲಗಿ ಸೊರಗಿದವರು, ಎಲ್ಲರಿಗೂ ಇದು ಬೇಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು 240 ಕೋಟಿ ಜನ, ಅಂದರೆ ಮೂವರಲ್ಲಿ ಒಬ್ಬರು.

ಎಲ್ಲರೂ ಮೊದಲಿನಂತೆ ಆಗಿಬಿಡುತ್ತಾರೆ ಅಂತ ಆಸೆ ಹುಟ್ಟಿಸುವುದು ತಪ್ಪು. ಆದರೆ ಹಾಗೆ ಆಗದಿದ್ದವರೂ ಬದುಕಿಗೆ ಮರಳಬಹುದು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗ ಶುರುಮಾಡಿದರು. ಅಂಥವರು ಬದುಕುವುದೇ ಕಷ್ಟ ಅನ್ನುತ್ತಿದ್ದ ಕಾಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಹುಣ್ಣಾಗದಂತೆ ನೋಡಿಕೊಂಡರು, ಗಾಲಿಕುರ್ಚಿಯಲ್ಲೇ ಆಟಕ್ಕೂ ಇಳಿಸಿದರು. 1948ರಲ್ಲಿ ಅಲ್ಲಿ ನಡೆದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ದಾರಿಯಾಯಿತು. ಕಾಲಿಗೆ ಶಕ್ತಿ ಬರದಿದ್ದರೂ ಎಷ್ಟೋ ಮಂದಿ ದುಡಿಮೆಗೆ ಮರಳಿದರು.

ನಿಮ್ಮವರು ಡಿಸ್ಚಾರ್ಜ್ ಆಗುವ ಮೊದಲೇ ಕೇಳಿಕೊಳ್ಳಿ: ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಏನು ಮಾಡಬಾರದು. ಲಕ್ವದವರಿಗೆ ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನಂತೂ ಹೇಳದೆ ಬರಬೇಡಿ. ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ನುಂಗುವುದನ್ನು ಮತ್ತೆ ಕಲಿಸುವವರು ಸ್ಪೀಚ್ ಥೆರಪಿಸ್ಟ್‌ಗಳೇ.

ನಮಸ್ಕಾರ.