ಹಳೆಯ ಡೀಸೆಲ್ ಲಾರಿಗೆ ಹೆದ್ದಾರಿಯಲ್ಲಿ ಎಷ್ಟು ವೇಗ?

ಕೇಳುಗರಿಗೆ ನಮಸ್ಕಾರ.

ಹಳೆಯ ಡೀಸೆಲ್ ಲಾರಿಯನ್ನು ಹೆದ್ದಾರಿಯಲ್ಲಿ ಎಷ್ಟು ವೇಗದಲ್ಲಿ ಓಡಿಸಬೇಕು ಎಂದು ಕೇಳಿದರೆ ಒಬ್ಬರು 60 ಅನ್ನುತ್ತಾರೆ, ಇನ್ನೊಬ್ಬರು 80 ಅನ್ನುತ್ತಾರೆ. ಒಂದೇ ಮಾದರಿಯ ಎರಡು ಲಾರಿ ಪಕ್ಕಪಕ್ಕ ನಿಂತಿದ್ದರೂ ಉತ್ತರ ಒಂದೇ ಆಗಬೇಕಿಲ್ಲ. ಹಿಂದಿನ ಚಕ್ರಗಳ ನಡುವಿನ ಕವಚದ, ಅಂದರೆ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ (ಚಕ್ರಗಳನ್ನು ತಿರುಗಿಸುವ ದೊಡ್ಡ ಮತ್ತು ಚಿಕ್ಕ ಹಲ್ಲುಗಾಲಿಗಳ ಜೋಡಿ) ಬೇರೆಯಾಗಿದ್ದರೆ ಲೆಕ್ಕವೇ ಬೇರೆ. ಆದ್ದರಿಂದ ಮೊದಲು ನೋಡಬೇಕಾದದ್ದು ಸ್ಪೀಡೋಮೀಟರನ್ನಲ್ಲ. ಆ ವೇಗದಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು, ಅಂದರೆ ಆರ್‌ಪಿಎಂ.

ಹಳೆಯ ಗಾಡಿಗಳಲ್ಲಿ ಆರ್‌ಪಿಎಂ ಮೀಟರ್ ಇರುವುದೇ ಅಪರೂಪ, ಇದ್ದರೂ ಮುಳ್ಳು ಆಡುವುದಿಲ್ಲ. ಚಿಂತೆಯಿಲ್ಲ, ಲೆಕ್ಕ ಹಾಕಬಹುದು. ಕೈಗೆ ಪೆನ್ನು ಸಿಕ್ಕರೆ ತೆಗೆದುಕೊಳ್ಳಿ. ಲೋಡ್ ಇರುವಾಗ ಹಿಂದಿನ ಟೈರ್ ನೆಲ ಮುಟ್ಟುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಗಾಡಿಯನ್ನು ಒಂದು ಪೂರ್ತಿ ಸುತ್ತು ಮುಂದೆ ಉರುಳಿಸಿ, ಆ ದೂರವನ್ನು ಟೇಪಿನಿಂದ ಅಳೆಯಿರಿ. 20 ಇಂಚಿನ ರಿಮ್ಮಿನ ದೊಡ್ಡ ಟೈರಿಗೆ ಇದು ಸುಮಾರು 3.2 ಮೀಟರ್ ಬರುತ್ತದೆ. ಇನ್ನು ಕ್ರೌನ್ ಅನುಪಾತ, ಅಂದರೆ ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಎಂಬುದು. ಅದನ್ನು ಬರೆದಿರುವ ಹೌಸಿಂಗ್ ಮೇಲಿನ ತಗಡು ಬಿದ್ದುಹೋಗಿದ್ದರೆ ಹೀಗೆ ತಿಳಿಯಿರಿ: ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನೆಲದ ಮೇಲೆಯೇ ಉಳಿಯುವ ಚಕ್ರಗಳಿಗೆಲ್ಲ ಹಿಂದೆ ಮುಂದೆ ಗಟ್ಟಿ ಅಡ್ಡ ಕೊಡಿ. ಹಿಂದಿನ ಒಂದು ಬದಿಯನ್ನು ಮಾತ್ರ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಬೇಡಿ. ಗೇರ್ ನ್ಯೂಟ್ರಲ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಎತ್ತಿದ ಚಕ್ರವನ್ನು ಸರಿಯಾಗಿ 2 ಸುತ್ತು ತಿರುಗಿಸಿ. ಒಂದು ಬದಿ ಮಾತ್ರ ತಿರುಗುವಾಗ ಚಕ್ರದ 2 ಸುತ್ತಿಗೆ ಕ್ರೌನ್ ಒಂದೇ ಸುತ್ತು ಬರುತ್ತದೆ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಪಿನಿಯನ್ನಿಗೆ ಬರುವ ಉದ್ದ ದಂಡ, ಎಷ್ಟು ಸುತ್ತು ಬಂತೋ ಅದೇ ಅನುಪಾತ. 6 ಸುತ್ತು ದಾಟಿ ಸ್ವಲ್ಪ ಮುಂದೆ ನಿಂತರೆ, ಅದು 37 ಹಲ್ಲಿನ ಕ್ರೌನಿಗೆ 6 ಹಲ್ಲಿನ ಪಿನಿಯನ್ ಇರಬಹುದು, ಅಂದರೆ 6.17.

ಈಗ ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್. ಅದನ್ನು 3.2ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 312 ಸುತ್ತು. 6.17ರಿಂದ ಗುಣಿಸಿ, ಸುಮಾರು 1930. ಟಾಪ್ ಗೇರಿನ ಅನುಪಾತ 1 ಇದ್ದರೆ ಇಂಜಿನ್ ಆರ್‌ಪಿಎಂ ಕೂಡ ಅದೇ. 70ರಲ್ಲಿ 2250 ಆಗುತ್ತದೆ, 80ರಲ್ಲಿ 2570.

ಇಂಜಿನ್ ಮಿತಿ ಮೀರಿ ತಿರುಗದಂತೆ ಡೀಸೆಲ್ ಕಡಿಮೆ ಮಾಡುವ ಭಾಗವೇ ಗವರ್ನರ್, ಇಂಜಿನ್ ತಿರುಗಿಸುವ ಬಲವೇ ಟಾರ್ಕ್. ಈ ಇಂಜಿನ್ನಿನ ಗವರ್ನರ್ ಮಿತಿ 2500, ಟಾರ್ಕ್ ಅತಿ ಹೆಚ್ಚು ಸಿಗುವುದು 1500ರಲ್ಲಿ ಎಂದಿಟ್ಟುಕೊಳ್ಳಿ. ನಿಮ್ಮ ಗಾಡಿಯ ನಿಜವಾದ ಅಂಕಿ ಅದರ ಕೈಪಿಡಿಯಲ್ಲಿರುತ್ತದೆ. ಗಂಟೆಗಟ್ಟಲೆ ಓಡಿಸಲು ಒಳ್ಳೆಯ ಜಾಗ ಟಾರ್ಕಿನ ತುದಿಗಿಂತ ಒಂದಿನ್ನೂರು ಮೇಲಿನಿಂದ ಗವರ್ನರ್ ಮಿತಿಯ ಶೇಕಡಾ 80ರವರೆಗೆ. ನಮ್ಮ ಲೆಕ್ಕದಲ್ಲಿ 1700ರಿಂದ 2000, ಅಂದರೆ ಗಂಟೆಗೆ 53ರಿಂದ 62 ಕಿಲೋಮೀಟರ್. ಈ ಗಾಡಿಯನ್ನು 80ರಲ್ಲಿ ಓಡಿಸುತ್ತೇನೆ ಎನ್ನುವವರ ಸ್ಪೀಡೋಮೀಟರ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಡೀಸೆಲ್ ಪಂಪಿನ ಸೀಲ್ ಒಡೆದು, ಗವರ್ನರ್ ಮಿತಿ ಏರಿಸಲು ಸ್ಕ್ರೂ ತಿರುಗಿಸಿರಬೇಕು. ಸ್ಪೀಡೋಮೀಟರ್ ಪರೀಕ್ಷೆ ಸುಲಭ: ಮುಳ್ಳನ್ನು 60ರಲ್ಲಿ ಹಿಡಿದು, ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ ಪಕ್ಕದಲ್ಲಿ ಕೂತವರು ಸಮಯ ನೋಡಲಿ. ಸರಿಯಾಗಿ 60 ಸೆಕೆಂಡ್ ಬರಬೇಕು. ಪಂಪಿನ ಸ್ಕ್ರೂ ವಿಷಯಕ್ಕೆ ಮಾತ್ರ ಕೈ ಹಾಕಬೇಡಿ. ವೇಗ ಹೆಚ್ಚಿದಂತೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟುಗಳ ಮೇಲಿನ ಎಳೆತ ಆರ್‌ಪಿಎಂನ ವರ್ಗದಂತೆ ಏರುತ್ತದೆ, ದಣಿದ ಬೋಲ್ಟ್ ಮುನ್ಸೂಚನೆ ಕೊಟ್ಟು ತುಂಡಾಗುವುದಿಲ್ಲ.

ನಿಧಾನವಾಗಿ ಹೋದರೆ ಸಾಕು ಎಂಬುದೂ ಅರ್ಧ ಸತ್ಯ. ಏರಿನಲ್ಲಿ ಟಾಪ್ ಗೇರಿನಲ್ಲೇ ಕಾಲು ಒತ್ತಿ ಹಿಡಿದರೆ ಇಂಜಿನ್ ತಿಣುಕುತ್ತದೆ, ಕ್ಯಾಬಿನ್ ನಡುಗುತ್ತದೆ, ಕಪ್ಪು ಹೊಗೆ ಬರುತ್ತದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿಯುವುದರ ಗುರುತು ಅದು. ಸೈಲೆನ್ಸರಿಗೆ ಹೋಗುವ ಹೊಗೆಯ ಶಾಖ ಏರುತ್ತದೆ. ಟರ್ಬೋ (ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇದ್ದು, ಅದಕ್ಕೆ ಮುಂಚೆ ಅಳೆದರೆ ಅದು ಬಹಳ ಹೊತ್ತು 680 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಅಲ್ಯೂಮಿನಿಯಂ ಪಿಸ್ಟನ್ ಅದಕ್ಕಿಂತ ಹೆಚ್ಚು ತಾಳುವುದಿಲ್ಲ. ಮೀಟರ್ ಇಲ್ಲದವರು ಹೊಗೆ ಕಪ್ಪಾದ ಕೂಡಲೇ ಒಂದು ಗೇರ್ ಇಳಿಸಿ.

ಇಂಜಿನ್ ಒಪ್ಪಿದ ವೇಗವನ್ನು ಬ್ರೇಕ್ ಒಪ್ಪುತ್ತದೆಯೇ? ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, 60ರ ವೇಗದಲ್ಲಿ ಅಷ್ಟರೊಳಗೆ ಗಾಡಿ 25 ಮೀಟರ್ ಹೋಗಿರುತ್ತದೆ. ಒಣ ರಸ್ತೆ, ಸುಸ್ಥಿತಿಯ ಬ್ರೇಕ್ ಇದ್ದರೆ ನಿಲ್ಲಲು ಇನ್ನೂ 35 ಮೀಟರ್, ಒಟ್ಟು 60. 80ರಲ್ಲಿ ಅದೇ ಗಾಡಿಗೆ 95 ಮೀಟರ್ ಬೇಕು. ಡ್ರಮ್ ಬಿಸಿಯಾಗಿದ್ದರೆ, ಬ್ರೇಕಿನ ಸಡಿಲ ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲವಾಗಿದ್ದರೆ ಅದೂ ಸಾಲದು. ಮಳೆಯಲ್ಲಿ ಖಾಲಿ ಲಾರಿ ತುಂಬಿದ್ದಕ್ಕಿಂತ ಬೇಗ ಜಾರುತ್ತದೆ, ಹಿಂದಿನ ಚಕ್ರಕ್ಕೆ ಭಾರವಿರುವುದಿಲ್ಲವಲ್ಲ.

ಇಳಿಜಾರಿನಲ್ಲಿ ಗವರ್ನರ್ ನೆಚ್ಚಿಕೊಳ್ಳುವಂತಿಲ್ಲ. ಅದು ಡೀಸೆಲ್ ನಿಲ್ಲಿಸಬಲ್ಲದು, ಹಿಂದಿನಿಂದ ತಳ್ಳುವ ಭಾರವನ್ನಲ್ಲ. ಇಂಜಿನ್ ಮಿತಿ ಮೀರಿ ತಿರುಗಿದರೆ ವಾಲ್ವ್ ಸಮಯಕ್ಕೆ ಮುಚ್ಚದೆ ಪಿಸ್ಟನ್ನಿಗೆ ಬಡಿಯುತ್ತದೆ. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಇಳಿಸಬೇಕು. ನಡುವೆ ಇಳಿಸಲು ಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದೀತು.

ಟೈರಿನ ಪಕ್ಕದಲ್ಲಿ ಭಾರದ ಅಂಕಿಯ ಜೊತೆ ಒಂದು ಅಕ್ಷರವಿರುತ್ತದೆ. ಎಫ್ ಎಂದರೆ 80, ಜಿ ಎಂದರೆ 90, ಜೆ ಎಂದರೆ 100 ಕಿಲೋಮೀಟರ್, ಹೊಸ ಟೈರಿಗೆ, ಸರಿಯಾದ ಗಾಳಿ ಇದ್ದಾಗ. ಸವೆದ ಮೇಲೆ ಹೊಸ ರಬ್ಬರ್ ಹಾಕಿಸಿದ ರಿಸೋಲ್ ಟೈರಿಗೆ ಆ ಅಕ್ಷರವನ್ನು ನಂಬಬೇಡಿ. ಗಾಳಿಯನ್ನು ಹೊರಡುವ ಮುಂಚೆ, ತಣ್ಣಗಿರುವಾಗ ನೋಡಿ. ಜೋಡಿ ಟೈರಿನಲ್ಲಿ ಒಳಗಿನದು ಗಾಳಿ ಇಳಿದಿದ್ದರೆ ಹೊರಗಿನದೇ ಭಾರವೆಲ್ಲ ಹೊರುತ್ತದೆ. ಬಿಸಿಯಾಗಿ ಮೊದಲು ಸಿಡಿಯುವುದು ಅದೇ. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹೆಚ್ಚು ತೋರಿಸಿತೆಂದು ಬಿಡಬಾರದು.

ದೂರದ ಓಟದ ನಡುವೆ ನಿಂತಾಗ, ಟರ್ಬೋ ಇರುವ ಇಂಜಿನ್ನನ್ನು ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಆ ಹೊತ್ತಿನಲ್ಲಿ ಒಂದು ಸುತ್ತು ಬಂದು ಪ್ರತಿ ಹಬ್ಬಿನ, ಅಂದರೆ ಚಕ್ರದ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಒಂದು ಹಬ್ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಬೇರಿಂಗಿನ ಗ್ರೀಸ್ ಒಣಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಆರಿದ ಮೇಲೆ ಆ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ: ಬಿಗಿಯಾಗಿದ್ದರೆ ಬ್ರೇಕ್, ಗರಗರ ಎಂದರೆ ಬೇರಿಂಗ್.