ಕೈಬಿಟ್ಟ ಕಾರ್ಡುಗಳ ಕಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಐದು ಶಾಲೆಗಳ ಶಿಕ್ಷಕರು ಒಟ್ಟಾಗಿ, ಒಂದು ಶೈಕ್ಷಣಿಕ ವರ್ಷದಲ್ಲಿ, ನಲಿಕಲಿ ಮಕ್ಕಳಿಗಾಗಿ, ಅಂದರೆ ಕಾರ್ಡುಗಳ ಮೂಲಕ ನಲಿಯುತ್ತ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿಯ ಚಿಕ್ಕ ತರಗತಿಗಳ ಮಕ್ಕಳಿಗಾಗಿ, ಹೆಚ್ಚುವರಿ ಓದಿನ ಕಾರ್ಡುಗಳನ್ನು ಸಿದ್ಧಪಡಿಸಿದೆವು. ಕೆಲಸ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ನಲಿಕಲಿ ಹುಟ್ಟಿದ್ದೇ ಶಿಕ್ಷಕರ ಕೂಡುದುಡಿಮೆಯಿಂದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ರಚಿಸಿದರು. 2009–10ರಲ್ಲಿ ಆ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಇಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಓದತೊಡಗುತ್ತದೆ. ಇಡೀ ಪದವನ್ನು ತಾನೇ ಓದಿದೆನೆಂಬ ಆ ಹಿಗ್ಗನ್ನು ಕಂಡವರಿಗೆ ಈ ಕ್ರಮದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ದಿನವೂ ಈ ಕ್ರಮದಲ್ಲೇ ಕಲಿಸುವ ನಾವು ಕಾರ್ಡು ಬರೆಯುವಾಗ ಅದನ್ನು ಮರೆತೆವು. ಮೊದಲ ಸಭೆಯಲ್ಲಿ ಕೆಲಸವನ್ನು ಹಂಚಿಕೊಂಡು, ಅವರವರ ಮನೆಯಲ್ಲಿ ಬರೆದು, ತಿಂಗಳ ನಂತರ ಎಲ್ಲವನ್ನೂ ಒಂದೆಡೆ ಹರಡಿದಾಗ, ಒತ್ತಕ್ಷರವನ್ನೇ ಕಾಣದ ಮಗುವಿನ ಕಾರ್ಡಿನಲ್ಲಿ ಅಜ್ಜ, ಅಕ್ಕ ಎಂಬ ಪದಗಳು ಕಂಡವು. ಅಷ್ಟರಲ್ಲಿ ನಮ್ಮ ಕೈಯಿಂದಲೇ ಹಣ ಹಾಕಿ ಲ್ಯಾಮಿನೇಷನ್ ಮಾಡಿಸಿಯೂ ಆಗಿತ್ತು. ಹಂಚಿಕೊಂಡ ಮಾತ್ರಕ್ಕೆ ಅದು ತಂಡದ ಕೆಲಸವಾಗಿರಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿಯೇ ಇರಲಿಲ್ಲ.

ಇದಕ್ಕಿಂತ ಆಳವಾಗಿ ನಾಟಿದ್ದು ತರಗತಿಯಲ್ಲಿ ನಡೆದದ್ದು. ಗರಗಸದ ಚಿತ್ರವಿದ್ದ ಕಾರ್ಡನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಅವಳು ಅಕ್ಷರಗಳ ಕಡೆ ನೋಡದೆ, ಚಿತ್ರದ ಮೇಲೆ ಬೆರಳಿಟ್ಟು, “ಮರ ಕುಯ್ಯೋದು ಮಿಸ್” ಎಂದಳು. ಅವಳ ಉತ್ತರದಲ್ಲಿ ತಪ್ಪೇನಿರಲಿಲ್ಲ. ತಪ್ಪು ಕಾರ್ಡಿನಲ್ಲಿತ್ತು, ಏಕೆಂದರೆ ಓದದೆಯೇ ಹೇಳಬಹುದಾದ ದಾರಿಯನ್ನು ನಾವೇ ತೆರೆದಿಟ್ಟಿದ್ದೆವು. ಮುಂದೆ ಪದವನ್ನು ಒಂದು ಬದಿಗೂ ಚಿತ್ರವನ್ನು ಹಿಂಬದಿಗೂ ಹಾಕಿದೆವು. ಮಗು ಓದುತ್ತದೆ, ಕಾರ್ಡನ್ನು ಮಗುಚುತ್ತದೆ, ತಾನು ಓದಿದ್ದು ಸರಿಯೇ ಎಂದು ತಾನೇ ನೋಡಿಕೊಳ್ಳುತ್ತದೆ. ನಮ್ಮ ಇಡೀ ವರ್ಷದ ಕೆಲಸದಲ್ಲಿ ಅತ್ಯಂತ ಒಳ್ಳೆಯ ಬದಲಾವಣೆ ಇದೇ ಎಂದು ನಾನು ಭಾವಿಸುತ್ತೇನೆ.

ಆಮೇಲೆ ಯಾವ ಕಾರ್ಡನ್ನೂ ನೇರವಾಗಿ ಲ್ಯಾಮಿನೇಷನ್‌ಗೆ ಕೊಡಲಿಲ್ಲ. ಬಿಳಿ ಹಾಳೆಯಲ್ಲಿ ಬರೆದು, ವಾರವಿಡೀ ಐದೂ ಶಾಲೆಗಳಲ್ಲಿ ಮಕ್ಕಳಿಂದ ಓದಿಸಿ, ಅವರು ಎಲ್ಲಿ ತಡವರಿಸಿದರೆಂಬುದನ್ನು ಗುರುತು ಹಾಕಿಕೊಂಡು, ಶನಿವಾರ ಶಾಲೆ ಬಿಟ್ಟ ಮೇಲೆ ಒಂದೆಡೆ ಕೂತು ತಿದ್ದುತ್ತಿದ್ದೆವು.

ಒಂದು ಕೊರಗು ಉಳಿದಿದೆ. ನಾವು ಸಲ್ಲಿಸಿದ ವರದಿಯಲ್ಲಿ ಎಷ್ಟು ಕಾರ್ಡು ಸಿದ್ಧವಾದವೆಂಬ ಲೆಕ್ಕವಿತ್ತೇ ಹೊರತು, ಎಷ್ಟನ್ನು ಏಕೆ ಕೈಬಿಟ್ಟೆವೆಂಬ ಮಾತಿರಲಿಲ್ಲ. ಆದ್ದರಿಂದ ಕೈಬಿಟ್ಟ ಕಾರ್ಡುಗಳ ಹಿಂದೆ ಕಾರಣವನ್ನು ಬರೆದು, ದಾರ ಕಟ್ಟಿ, ಬೀರುವಿನಲ್ಲಿ ಇಟ್ಟಿದ್ದೆ. ಈ ವರ್ಷ ನಮ್ಮ ಶಾಲೆಗೆ ವರ್ಗವಾಗಿ ಬಂದ ಶಿಕ್ಷಕಿಗೆ ನಾನು ಮೊದಲು ಕೊಟ್ಟದ್ದು ಆ ಕಟ್ಟನ್ನೇ. ನಮಸ್ಕಾರ.