ಕೆಟ್ಟ ಸುದ್ದಿ ಕೇಳುವ ಗಟ್ಟಿತನ

ನಮಸ್ಕಾರ ಎಲ್ಲರಿಗೂ. ಇವತ್ತು ವಿನ್‌ಸ್ಟನ್ ಚರ್ಚಿಲ್ ಬಗ್ಗೆ ಮಾತಾಡೋಣ.

"ಎಂದಿಗೂ ಸೋಲೊಪ್ಪಬೇಡಿ" ಅಂತ ಅವರ ಫೋಟೋ ಹಾಕಿದ ಸಾಲು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ, ಅಲ್ವಾ? 1941ರ ಅಕ್ಟೋಬರ್‌ನಲ್ಲಿ, ತಾವು ಓದಿದ್ದ ಹ್ಯಾರೋ ಶಾಲೆಯ ಹುಡುಗರ ಮುಂದೆ ಅವರು ಆಡಿದ ಮಾತದು. ಆದರೆ ಮಾತು ಅಲ್ಲಿಗೇ ನಿಂತಿರಲಿಲ್ಲ. ಮರ್ಯಾದೆ ಮತ್ತು ವಿವೇಕ ಹೇಳಿದರೆ ಮಾತ್ರ ಬಗ್ಗಿ ಅಂತ ಅವರೇ ಸೇರಿಸಿದ್ದರು. ಫಾರ್ವರ್ಡ್ ಮಾಡುವವರು ಅಷ್ಟನ್ನು ಕತ್ತರಿಸಿ ಬರೀ ಹಟವನ್ನು ಉಳಿಸಿಕೊಂಡಿದ್ದಾರೆ. ಹಟ ಹಿಟ್ಲರನಿಗೂ ಇತ್ತು. ಚರ್ಚಿಲ್ ಅವರ ಗಟ್ಟಿತನ ಬೇರೆ ಕಡೆ ಇತ್ತು ಅಂತ ನನ್ನ ಅಭಿಪ್ರಾಯ. ಕೆಟ್ಟ ಸುದ್ದಿಯನ್ನು ಅವರು ಮುಚ್ಚಿಡುತ್ತಿರಲಿಲ್ಲ.

1940ರ ಮೇ 10ರಂದು ಅವರು ಪ್ರಧಾನಿಯಾದಾಗ ವಯಸ್ಸು 65. ಅವತ್ತೇ ಹಿಟ್ಲರನ ಸೈನ್ಯ ಪಶ್ಚಿಮದ ಕಡೆ ನುಗ್ಗಿತು. ಎರಡೇ ವಾರದಲ್ಲಿ ಬ್ರಿಟಿಷ್ ಸೈನ್ಯ ಸಮುದ್ರದ ದಂಡೆಗೆ ಬಂದು ಸಿಕ್ಕಿಹಾಕಿಕೊಂಡಿತ್ತು. ಇಟಲಿಯ ಮೂಲಕ ಸಂಧಾನದ ದಾರಿ ನೋಡೋಣ ಅಂತ ವಿದೇಶಾಂಗ ಸಚಿವ ಹ್ಯಾಲಿಫ್ಯಾಕ್ಸ್ ಹೇಳುತ್ತಿದ್ದರು. ಅದು ಹೇಡಿತನದ ಮಾತೇನೂ ಆಗಿರಲಿಲ್ಲ. ಅವತ್ತಿನ ಲೆಕ್ಕದಲ್ಲಿ ಅದಕ್ಕೂ ಅರ್ಥವಿತ್ತು. ಮೂರು ದಿನ ವಾದ ನಡೆದ ಮೇಲೆ, ಸಂಧಾನ ಬೇಡ, ಹೋರಾಡೋಣ ಅನ್ನುವ ಚರ್ಚಿಲ್ ಮಾತೇ ಗೆದ್ದಿತು.

ಆಮೇಲೆ ಫ್ರಾನ್ಸಿನ ಕಡಲ ದಂಡೆಯ ಡನ್‌ಕರ್ಕ್‌ನಿಂದ 3 ಲಕ್ಷ 38 ಸಾವಿರಕ್ಕೂ ಹೆಚ್ಚು ಸೈನಿಕರು ಬಚಾವಾಗಿ ಬಂದರು. ದೇಶಕ್ಕೆ ಅದು ಪವಾಡದಂತೆ ಕಂಡಿತು. ಬೇರೆ ಯಾವ ನಾಯಕನೇ ಆಗಿದ್ದರೂ ಅದನ್ನು ವಿಜಯೋತ್ಸವ ಮಾಡಿಬಿಡುತ್ತಿದ್ದ. ಜೂನ್ 4ರಂದು ಸಂಸತ್ತಿನಲ್ಲಿ ಇವರು ಏನು ಹೇಳಿದರು ಗೊತ್ತಾ? ಸೈನ್ಯವನ್ನು ಹಿಂದಕ್ಕೆ ಕರೆತಂದರೆ ಯುದ್ಧ ಗೆದ್ದಂತಲ್ಲ ಅಂದರು. ಫ್ರಾನ್ಸ್, ಬೆಲ್ಜಿಯಂನಲ್ಲಿ ಆಗಿದ್ದು ದೊಡ್ಡ ಅನಾಹುತ ಅಂದರು. ಸುಮಾರು 1,000 ಫಿರಂಗಿ ಹೋದವು, ಅಲ್ಲಿದ್ದ ಸಾಗಣೆ ವಾಹನ, ಕವಚವಾಹನ ಎಲ್ಲವೂ ಹೋದವು ಅಂತ ಲೆಕ್ಕ ಒಪ್ಪಿಸಿದರು. "ಕಡಲ ದಂಡೆಯಲ್ಲಿ ಹೋರಾಡುತ್ತೇವೆ" ಅನ್ನುವ ಪ್ರಸಿದ್ಧ ಮಾತು ಬಂದಿದ್ದು ಈ ನಷ್ಟದ ಪಟ್ಟಿಯನ್ನು ಓದಿದ ಮೇಲೆ. ಜನ ಅದನ್ನು ನಂಬಿದ್ದಕ್ಕೆ ಈ ಪಟ್ಟಿಯೂ ಒಂದು ಕಾರಣ ಅಂತ ನನಗನಿಸುತ್ತದೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಇಷ್ಟ. ಅದೇ ತಿಂಗಳು ಫ್ರಾನ್ಸ್ ಶರಣಾಗಿತ್ತು. ಬ್ರಿಟನ್‌ಗೆ ಪಕ್ಕದಲ್ಲಿ ಆಸರೆ ಅಂತ ಯಾರೂ ಉಳಿದಿರಲಿಲ್ಲ. ಆಗ ಹೆಂಡತಿ ಕ್ಲೆಮೆಂಟೈನ್ ಗಂಡನಿಗೆ ಒಂದು ಪತ್ರ ಬರೆದರು. ಮೊದಲು ಬರೆದದ್ದನ್ನು ಹರಿದು ಹಾಕಿ, ಮತ್ತೆ ಬರೆದರು. ನಿಮ್ಮ ಒರಟುತನ, ಚುಚ್ಚುಮಾತು ಜಾಸ್ತಿಯಾಗಿದೆ. ಹೀಗೇ ಆದರೆ ಒಳ್ಳೆಯದೋ ಕೆಟ್ಟದ್ದೋ, ನಿಮ್ಮ ಮುಂದೆ ಯಾರೂ ಒಂದು ಸಲಹೆಯನ್ನೂ ಇಡುವುದಿಲ್ಲ. ಮೊದಲಿನಷ್ಟು ಕರುಣೆ ಈಗ ನಿಮ್ಮಲ್ಲಿಲ್ಲ. ಇದು ಆ ಪತ್ರದ ಸಾರ. ಇಡೀ ದೇಶ ಧೈರ್ಯಕ್ಕಾಗಿ ಅವರ ಮುಖ ನೋಡುತ್ತಿದ್ದ ಹೊತ್ತಿನಲ್ಲಿ ಇದನ್ನು ಬರೆಯಲು ಎಷ್ಟು ಎದೆಗಾರಿಕೆ ಬೇಕು ನೋಡಿ! ಚರ್ಚಿಲ್ ಅವರ ಪ್ರತಿಮೆಗಳ ಪಕ್ಕದಲ್ಲಿ ಈ ಹೆಣ್ಣುಮಗಳಿಗೂ ಒಂದು ಜಾಗ ಇರಬೇಕಿತ್ತು.

ಈಗ ನಮಗೆ ನೋವಾಗುವ ಭಾಗಕ್ಕೆ ಬರೋಣ. ಬಂಗಾಳ, 1943.

ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಅಕ್ಕಿ ಬರುವುದು ನಿಂತಿತ್ತು. ಚಂಡಮಾರುತ ಬಂದಿತ್ತು. ಬೆಲೆ ಏರಿತ್ತು. ಬಂಗಾಳದ ಆಡಳಿತವೂ ಎಡವಿತ್ತು. ಹಡಗುಗಳ ಕೊರತೆಯೂ ಸುಳ್ಳಲ್ಲ. ಇದೆಲ್ಲವನ್ನೂ ಒಪ್ಪುತ್ತೇನೆ. ಆದರೆ ಜನ ಬೀದಿಯಲ್ಲಿ ಸಾಯುತ್ತಿದ್ದಾರೆ, ಧಾನ್ಯ ಕಳಿಸಿ ಅಂತ ದೆಹಲಿಯಿಂದ ಲಂಡನ್‌ಗೆ ಮತ್ತೆ ಮತ್ತೆ ಕೇಳಿದರೂ, ಕಳಿಸಿದ್ದು ಕೇಳಿದ್ದಕ್ಕಿಂತ ತುಂಬಾ ಕಡಿಮೆ. ಚರ್ಚಿಲ್ ಅವರ ಸಂಪುಟದಲ್ಲೇ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಚಿವ ಎಮರಿ ಒತ್ತಾಯಿಸಿದರು. ಚರ್ಚಿಲ್‌ಗೆ ಅಂಕಿಅಂಶ ಒದಗಿಸುತ್ತಿದ್ದ ಆಪ್ತ ಲಿಂಡೆಮನ್ ಧಾನ್ಯ ಕಳಿಸುವುದಕ್ಕೆ ವಿರುದ್ಧವಾಗಿದ್ದರು. ಚರ್ಚಿಲ್ ಯಾರ ಮಾತು ಕೇಳಿದರು ಅಂತ ಬೇರೆ ಹೇಳಬೇಕಾಗಿಲ್ಲ. ಸತ್ತವರು ಸುಮಾರು 30 ಲಕ್ಷ ಅಂತ ಅಂದಾಜು. ನಮ್ಮ ಬೆಂಗಳೂರು ದಂಡಿನಲ್ಲಿ 1896ರಿಂದ ಸೇನಾಧಿಕಾರಿಯಾಗಿದ್ದು, ಮಧ್ಯಾಹ್ನದ ಬಿಸಿಲಲ್ಲಿ ಇತಿಹಾಸದ ಪುಸ್ತಕಗಳನ್ನು ಓದುತ್ತಾ, ಗುಲಾಬಿ ಬೆಳೆಸುತ್ತಾ ಕಾಲ ಕಳೆದ ಮನುಷ್ಯ ಇವರು. ಈ ದೇಶ ಅವರಿಗೆ ಗೊತ್ತಿಲ್ಲದ ಜಾಗವೇನಲ್ಲ. ಲಂಡನ್ನಿನ ಮೇಲೆ ಬಾಂಬ್ ಬಿದ್ದಾಗ ಮುರಿದ ಮನೆಗಳ ಮುಂದೆ ನಿಂತು ಕಣ್ಣೀರು ಹಾಕಿದವರಿಗೆ ಬಂಗಾಳದ ಸುದ್ದಿ ನಾಟಲಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಹಾಗಾಗಿ ಯುದ್ಧಕಾಲದ ಗಟ್ಟಿತನ ಅಂದಾಗ ನಾನು ವೇವಲ್ ಹೆಸರನ್ನೂ ಹೇಳುತ್ತೇನೆ. 1941ರಲ್ಲಿ ಚರ್ಚಿಲ್ ಅವರೇ ಮಧ್ಯಪ್ರಾಚ್ಯದ ದಂಡನಾಯಕತ್ವದಿಂದ ತೆಗೆದುಹಾಕಿದ್ದ ಜನರಲ್ ಅವರು. ಮರುವರ್ಷ ಮಲಯಾ, ಸಿಂಗಾಪುರ, ಬರ್ಮಾದ ಸೋಲುಗಳೂ ಅವರ ಹೆಗಲಿಗೆ ಬಿದ್ದವು. 1943ರ ಅಕ್ಟೋಬರ್‌ನಲ್ಲಿ ವೈಸ್‌ರಾಯ್ ಆದ ಒಂದೇ ವಾರದಲ್ಲಿ ಕಲ್ಕತ್ತಾಗೆ ಹೋಗಿ ಬೀದಿಯಲ್ಲಿ ಮಲಗಿದ್ದವರನ್ನು ಕಣ್ಣಾರೆ ನೋಡಿದರು. ಸೈನ್ಯವನ್ನು ಆಹಾರ ಹಂಚುವ ಕೆಲಸಕ್ಕೆ ಇಳಿಸಿದರು. ಆಮೇಲೆ ಲಂಡನ್‌ಗೆ ಬರೆಯುತ್ತಲೇ ಹೋದರು, ಅಲ್ಲಿನವರು ಬೇಸರ ಮಾಡಿಕೊಂಡರೂ ಬಿಡಲಿಲ್ಲ.